ನಿನ್ನ ಹಳೆಯ ಸ್ಕೇಟ್ ವಿಷಯ: ಮಗಳಿಗೊಂದು ಪತ್ರ

ಎಡ್ಮಂಟನ್, ಆಲ್ಬರ್ಟಾ, ಕೆನಡಾ
ಜನವರಿ 2026, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಈಗ ರಾತ್ರಿ ಹನ್ನೆರಡೂವರೆ. ಬಡಾವಣೆಯ ಐಸ್ ಸ್ಕೇಟಿಂಗ್ ರಿಂಕ್‌ಗೆ ನೀರು ಹಾಯಿಸಿ ಈಗಷ್ಟೇ ಮನೆಗೆ ಬಂದೆ. ಹೊರಗೆ ಮೈನಸ್ 21. ಅಮ್ಮ ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಇಟ್ಟು ಮಲಗಿದ್ದಳು. ಅದನ್ನು ಕುಡಿದು, ಬೆರಳುಗಳಿಗೆ ಜೀವ ಬಂದ ಮೇಲೆ ಬರೆಯಲು ಕೂತಿದ್ದೇನೆ.

ನಿನ್ನನ್ನು ಒಂದು ವಿಷಯ ಕೇಳಬೇಕಿತ್ತು. ಗ್ಯಾರೇಜಿನಲ್ಲಿರುವ ನಿನ್ನ ಹಳೆಯ ಸ್ಕೇಟ್ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ. ಹೋದ ವಾರ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಮೊದಲು ಸರಿಯಾಗಿ ಉತ್ತರ ಕೊಡಬೇಕು. “ಅಪ್ಪ, ನಾನು ಐಸ್ ಹಾಕಿ ಕ್ಲಬ್ ಬಿಟ್ಟು ಎರಡು ವರ್ಷ ಆಯ್ತು. ನೀನ್ಯಾಕೆ ಇನ್ನೂ ಹೋಗ್ತೀಯ? ಬೆನ್ನು ನೋವು ಅಂತ ಬೇರೆ ಹೇಳ್ತೀಯ” ಅಂದೆ. ನಾನು “ಸುಮ್ನೆ, ಅಭ್ಯಾಸ ಆಗಿಬಿಟ್ಟಿದೆ” ಅಂದುಬಿಟ್ಟೆ. ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಇವತ್ತು ಒಂದೂವರೆ ಗಂಟೆ ಹೋಸ್ ಹಿಡಿದು ನಿಂತಿದ್ದಾಗ ಅದೇ ಯೋಚನೆ.

ನಾವು ಇಲ್ಲಿಗೆ ಬಂದದ್ದು 2011ರ ನವೆಂಬರ್‌ನಲ್ಲಿ. ನಿನಗೆ ಆಗ ಐದು ವರ್ಷ, ಅಷ್ಟಾಗಿ ನೆನಪಿರಲಿಕ್ಕಿಲ್ಲ. ಡಿಸೆಂಬರ್‌ನಲ್ಲಿ ಎಡ್ಮಂಟನ್‌ನ ಸೂರ್ಯ ಸಂಜೆ ನಾಲ್ಕೂಕಾಲಿಗೆಲ್ಲ ಮುಳುಗುತ್ತಾನೆ. ಕೆಲಸಕ್ಕೆ ಹೋಗುವಾಗ ಕತ್ತಲು, ಬರುವಾಗಲೂ ಕತ್ತಲು. ಪಕ್ಕದ ಮನೆಯವರು ಕಣ್ಣಿಗೆ ಬೀಳುತ್ತಿದ್ದದ್ದು ಅವರ ಗ್ಯಾರೇಜ್ ಬಾಗಿಲು ಮೇಲೆ ಹೋಗಿ ಕೆಳಗೆ ಬರುವ ಅರ್ಧ ನಿಮಿಷ. ಕನ್ನಡದವರು ಇದ್ದರು, ಒಳ್ಳೆಯ ಜನ. ಯುಗಾದಿಗೆ, ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಸೇರುತ್ತಿದ್ದೆವು. ಆದರೆ ಒಬ್ಬೊಬ್ಬರ ಮನೆ ಊರಿನ ಒಂದೊಂದು ಮೂಲೆ. ಮಂಗಳವಾರ ಸಂಜೆ ಮನೆಯಲ್ಲಿ ಹಾಲು ಮುಗಿದಿದೆ ಅಂದರೆ ಹೋಗಿ ಒಂದು ಲೋಟ ಕೇಳುವಂಥ ಮನೆ ಇರಲಿಲ್ಲ. ವಿರಾಜಪೇಟೆಯಲ್ಲಿ, ಬೇಲಿ ದಾಟಿದರೆ ಇನ್ನೊಬ್ಬರ ಅಡುಗೆಮನೆ ಅನ್ನುವಂಥ ಕಡೆ ಬೆಳೆದ ನನಗೆ ಅದು ಕಷ್ಟವಾಯಿತು. ಅಮ್ಮನಿಗೆ ಇನ್ನೂ ಜಾಸ್ತಿ. ಎರಡು ಚಳಿಗಾಲ ಅವಳು ಕಿಟಕಿ ಪಕ್ಕ ಕೂತು ಎದುರು ಮನೆಯ ಚಿಮಣಿಯ ಹೊಗೆ ನೋಡುತ್ತಿದ್ದಳು.

2013ರ ಜನವರಿಯ ಒಂದು ಶನಿವಾರ ನಿನ್ನ ಕೈ ಹಿಡಿದುಕೊಂಡು ಬೀದಿ ಕೊನೆಯ ಕಮ್ಯುನಿಟಿ ಹಾಲ್ ತನಕ ನಡೆದೆ. ಹಾಲ್ ಹಿಂದೆ ಮರದ ಹಲಗೆ ಕಟ್ಟಿದ ರಿಂಕ್. ಏಳೆಂಟು ಮಕ್ಕಳು ಶಿನ್ನಿ ಆಡುತ್ತಿದ್ದರು. ಆ ಪದ ನಮಗಿನ್ನೂ ಗೊತ್ತಿರಲಿಲ್ಲ. ಅಂಪೈರ್ ಇಲ್ಲ, ಜರ್ಸಿ ಇಲ್ಲ, ಬಂದವರೆಲ್ಲ ಸ್ಟಿಕ್ಕುಗಳನ್ನು ನಡುವೆ ಗುಡ್ಡೆ ಹಾಕಿ ತಂಡ ಮಾಡಿಕೊಳ್ಳುವ ಆಟ. ನೀನು ತುದಿಗಾಲಲ್ಲಿ ನಿಂತು ಹಲಗೆಯ ಮೇಲೆ ಗದ್ದ ಊರಿದೆ. ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ. ಆಗ ಪಕ್ಕದ ಶೆಡ್‌ನಿಂದ ದೊಡ್ಡ ಮೀಸೆಯ ಮುದುಕರೊಬ್ಬರು ಹೊರಗೆ ಬಂದರು. ನಿನ್ನ ಮುಖ ನೋಡುವುದಕ್ಕೆ ಮೊದಲು ನಿನ್ನ ಕಾಲು ನೋಡಿದರು. ಒಳಗೆ ಹೋಗಿ ರಟ್ಟಿನ ಡಬ್ಬದಿಂದ ಒಂದು ಜೊತೆ ಸ್ಕೇಟ್ ಹುಡುಕಿ ತಂದು, “ಇದು ಆಗುತ್ತೆ” ಅಂದರು. ಆಯಿತು ಕೂಡ. ಎರಡು ಜೊತೆ ಉಲ್ಲನ್ ಕಾಲುಚೀಲ ಹಾಕಿದ ಮೇಲೆ.

ಅವರೇ ನಮ್ಮ ಗೀದೋ. ಇಲ್ಲಿಯ ಯುಕ್ರೇನಿಯನ್ ಮನೆಗಳಲ್ಲಿ ಅಜ್ಜನನ್ನು ಹಾಗೆ ಕರೆಯುತ್ತಾರೆ ಅಂತ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಲ್ಲಿವರೆಗೆ ಅದೇ ಅವರ ಹೆಸರು ಅಂದುಕೊಂಡಿದ್ದೆ.

ಆ ರಿಂಕ್ ಯಾರದ್ದು ಅಂತ ನಾನು ಅವತ್ತು ಅವರನ್ನು ಕೇಳಿದ್ದೆ. “ನಿಮ್ಮದು. ನೀವು ಈ ಬೀದಿಯವರಲ್ವಾ?” ಅಂದರು. ಅದು ಬಾಯಿಮಾತಿನ ಉಪಚಾರ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಈ ಊರು ನಡೆಯುವ ರೀತಿಯೇ ಹಾಗೆ. 1917ರಲ್ಲಿ ಇಲ್ಲಿಯ ಪಶ್ಚಿಮ ಭಾಗದ ಒಂದು ಬಡಾವಣೆಯ ಜನ ಸೇರಿ ಮೊದಲ ಕಮ್ಯುನಿಟಿ ಲೀಗ್, ಅಂದರೆ ಬಡಾವಣೆಯವರದೇ ಸಂಘ, ಮಾಡಿಕೊಂಡರು. 1921ರಲ್ಲಿ ಎಲ್ಲ ಲೀಗ್‌ಗಳಿಗೂ ಸೇರಿ ಒಂದು ಒಕ್ಕೂಟ ಆಯಿತು. ಈಗ ಊರಿನಲ್ಲಿ 160ಕ್ಕೂ ಹೆಚ್ಚು ಲೀಗ್‌ಗಳಿವೆ. ವರ್ಷಕ್ಕೆ ಸ್ವಲ್ಪ ದುಡ್ಡು ಕೊಟ್ಟು ಸದಸ್ಯರಾದರೆ ಸ್ಕೇಟ್‌ಗೆ ಕಟ್ಟಿಕೊಳ್ಳಲು ಒಂದು ಟ್ಯಾಗ್ ಸಿಗುತ್ತದೆ. ಅದಿದ್ದರೆ ಬೇರೆ ಬಡಾವಣೆಗಳ ರಿಂಕ್‌ನಲ್ಲೂ ಆಡಬಹುದು. ನಿನ್ನ ಮೊದಲ ಟ್ಯಾಗ್ ನನ್ನ ಪರ್ಸಿನಲ್ಲಿ ಇನ್ನೂ ಇದೆ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಿನ್ನನ್ನು ಕ್ಲಬ್‌ಗೆ ಸೇರಿಸಿದೆವು. ಒಂಬತ್ತು ವರ್ಷದೊಳಗಿನವರ ಗುಂಪಿಗೆ ಈಗ ಯು-9 ಅನ್ನುತ್ತಾರಲ್ಲ, ಆಗ ಅದಕ್ಕೆ ನೋವಿಸ್ ಅಂತ ಹೆಸರು. ಹದಿನೈದು ಹುಡುಗರು, ಇಬ್ಬರು ಹುಡುಗಿಯರು. ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್. ನಿನ್ನ ಲೇಸ್ ಬಿಗಿಯುವುದು ನನಗೆ ಬರುತ್ತಿರಲಿಲ್ಲ. ಪಕ್ಕದ ಬೆಂಚಿನ ಅಪ್ಪನೊಬ್ಬ ಮೊಣಕಾಲೂರಿ ಕೂತು, ಪಾದದ ಹತ್ತಿರ ಸಡಿಲ, ಕೀಲಿನ ಹತ್ತಿರ ಬಿಗಿ ಅಂತ ಹೇಳಿಕೊಟ್ಟ. ಆಟದ ನಿಯಮ ನಾನು ಕಲಿತದ್ದು ಪಂಜಾಬಿಯಲ್ಲಿ! ಮೂರನೇ ಮನೆಯ ಸರ್ದಾರ್ಜಿ ಶನಿವಾರ ರಾತ್ರಿ ಕರೆಯುತ್ತಿದ್ದರು. ‘ಹಾಕಿ ನೈಟ್ ಇನ್ ಕೆನಡಾ’ದ ಪಂಜಾಬಿ ಪ್ರಸಾರ 2008ರಿಂದಲೇ ಇದೆ. ನನ್ನ ಹರಕು ಹಿಂದಿಯಲ್ಲಿ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಅವರು ಬಿಡಿಸಿ ಹೇಳುತ್ತಿದ್ದರು. ಆಫ್‌ಸೈಡ್ ಅಂದರೇನು ಅಂತ ಅವರ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ ಇಟ್ಟು ತೋರಿಸಿದ್ದರು.

2014ರ ಫೆಬ್ರವರಿ ನಿನಗೆ ಚೆನ್ನಾಗಿ ನೆನಪಿದೆ ಅಂತ ಗೊತ್ತು. ಸೋಚಿ ಒಲಿಂಪಿಕ್ಸ್, ಹೆಂಗಸರ ಐಸ್ ಹಾಕಿ ಫೈನಲ್, ಕೆನಡಾ ವಿರುದ್ಧ ಅಮೆರಿಕ 2–0 ಮುಂದೆ. ಕೊನೆಯ ನಿಮಿಷದಲ್ಲಿ ಮೇರಿ-ಫಿಲಿಪ್ ಪೂಲಾನ್ ಸಮ ಮಾಡಿದಳು, ಓವರ್‌ಟೈಮ್‌ನಲ್ಲಿ ಅವಳೇ ಗೆಲ್ಲಿಸಿದಳು. ಅಂದಿನಿಂದ ನಿನಗೆ 29ನೇ ನಂಬರೇ ಬೇಕು. ಕ್ಲಬ್‌ನ ಮಕ್ಕಳ ಜರ್ಸಿ 17ಕ್ಕೆ ಮುಗಿಯುತ್ತಿತ್ತು. ನೀನು ಎರಡು ದಿನ ಊಟ ಬಿಟ್ಟೆ. ಟೀಮ್ ಮ್ಯಾನೇಜರ್ ಹೆಂಗಸು ಮನೆಯಲ್ಲಿ ಕೂತು ಬಿಳಿ ಬಟ್ಟೆಯಲ್ಲಿ 2 ಮತ್ತು 9 ಕತ್ತರಿಸಿ ಹೊಲಿದು ಕೊಟ್ಟಳು. ಅವಳಿಗೆ ಮೂರು ಮಕ್ಕಳು, ಎರಡು ಕೆಲಸ. ಅವಳಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಇದನ್ನು ನೋಡಿದಾಗಲೆಲ್ಲ ನನಗೆ ಕೊಡಗು ನೆನಪಾಗುತ್ತದೆ. ನಿಮ್ಮಜ್ಜ ಅಲ್ಲಿ ಮೇಷ್ಟ್ರಾಗಿದ್ದರು ಅಂತ ನಿನಗೆ ಗೊತ್ತಲ್ಲ. ನಾವು ಕೊಡವರಲ್ಲ, ಆದರೆ ಹಾಕಿಯ ಹುಚ್ಚು ಆ ಮಣ್ಣಿನಲ್ಲಿರುವ ಎಲ್ಲರಿಗೂ ಹತ್ತುತ್ತದೆ. 1997ರಲ್ಲಿ, ನನಗೆ ಹತ್ತೊಂಬತ್ತು, ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಮೊದಲ ಕೊಡವ ಕುಟುಂಬ ಹಾಕಿ ನಡೆಸಿದರು. ಆಗ ಬಂದದ್ದು 60 ಕುಟುಂಬ. ಒಂದು ತಂಡ ಅಂದರೆ ಒಂದು ಮನೆತನ, ಒಂದು ಒಕ್ಕ. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಓಡುತ್ತಿದ್ದರು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ತಂಡ ನೋಡಲು ಬರುತ್ತಿದ್ದರು. ಆಸ್ತಿ ಜಗಳದಲ್ಲಿ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಪಾಸ್ ಕೊಡುವುದಕ್ಕಾದರೂ ಒಬ್ಬರ ಹೆಸರು ಇನ್ನೊಬ್ಬರು ಕೂಗಬೇಕಿತ್ತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ ಸೇರಿ ಗಿನ್ನೆಸ್ ದಾಖಲೆ ಆಯಿತು. ಅಲ್ಲಿ ಹುಲ್ಲು, ಇಲ್ಲಿ ಮಂಜುಗಡ್ಡೆ. ಅಲ್ಲಿ ಚೆಂಡು, ಇಲ್ಲಿ ಪಕ್. ಆದರೆ ಕೊಡಗಿನಲ್ಲಿ ಒಕ್ಕದಲ್ಲಿ ಹುಟ್ಟಿದವರು ಆಡುತ್ತಾರೆ. ಇಲ್ಲಿ ಯಾವುದೋ ದೇಶದಲ್ಲಿ ಹುಟ್ಟಿದ ನಮ್ಮನ್ನು ಒಂದು ಒಕ್ಕದೊಳಗೆ ಕರೆದುಕೊಂಡರು.

ಹೇಗೆ ಕರೆದುಕೊಂಡರು ಗೊತ್ತಾ? ಕೆಲಸ ಕೊಟ್ಟು! ಕ್ಲಬ್‌ನಲ್ಲಿ ಯಾರೂ ಸುಮ್ಮನೆ ಕೂರುವಂತಿಲ್ಲ. ಒಬ್ಬರು ಗಡಿಯಾರ ನೋಡಬೇಕು, ಒಬ್ಬರು ಸ್ಕೋರ್ ಬರೆಯಬೇಕು, ಒಬ್ಬರು ಪೆನಾಲ್ಟಿ ಬಾಕ್ಸ್ ಬಾಗಿಲು ತೆಗೆಯಬೇಕು. ನಾಲ್ಕು ಮಾತು ಇಂಗ್ಲಿಷ್ ಆಡಲು ಹೆದರುತ್ತಿದ್ದ ಅಮ್ಮನನ್ನು ಟೂರ್ನಮೆಂಟ್‌ನಲ್ಲಿ ತಿಂಡಿ ಕೌಂಟರ್‌ಗೆ ನಿಲ್ಲಿಸಿಬಿಟ್ಟರು. ಎರಡು ದಿನದಲ್ಲಿ ಅವಳಿಗೆ ನಲವತ್ತು ಜನರ ಹೆಸರು ಗೊತ್ತು. ಮುಂದಿನ ವರ್ಷ ಕೋಡುಬಳೆ ಮಾಡಿಕೊಂಡು ಹೋದಳು. ಮಕ್ಕಳು ಅದನ್ನು ಬೆರಳಿಗೆ ಉಂಗುರ ಹಾಕಿಕೊಂಡು ತಿಂದರು. ಈಗಲೂ ಹಳೆಯ ಹುಡುಗರು ಅಂಗಡಿಯಲ್ಲಿ ಸಿಕ್ಕರೆ “ರಿಂಗ್ಸ್ ಇದೆಯಾ ಆಂಟಿ” ಅನ್ನುತ್ತಾರೆ. ಎದುರು ಮನೆಯ ಹೊಗೆ ನೋಡುತ್ತಾ ಕೂರುತ್ತಿದ್ದವಳು ಇವಳೇ.

ಬಾಟಲಿ ಸಂಗ್ರಹದ ದಿನ ನೆನಪಿದೆಯಾ? ಪ್ರತಿ ಜನವರಿ, ಹೊಸ ವರ್ಷದ ಪಾರ್ಟಿ ಮುಗಿದ ಮೇಲೆ. ಆಲ್ಬರ್ಟಾದಲ್ಲಿ ಸಣ್ಣ ಡಬ್ಬಿ, ಬಾಟಲಿಗೆ 10 ಸೆಂಟ್, ಒಂದು ಲೀಟರ್‌ಗಿಂತ ದೊಡ್ಡದಕ್ಕೆ 25 ಸೆಂಟ್ ವಾಪಸ್ ಸಿಗುತ್ತದೆ. ಸೆಂಟು ಸೆಂಟು ಸೇರಿಸಿ, ಆಡುವ ಅರೀನಾದ ಐಸ್‌ಗೆ ಬಾಡಿಗೆ ಕಟ್ಟಬೇಕು. ನೀವು ಮಕ್ಕಳು ಜರ್ಸಿ ಹಾಕಿಕೊಂಡು ಮನೆಮನೆಗೆ ಬೆಲ್ ಮಾಡುತ್ತಿದ್ದಿರಿ, ನಾವು ಹಿಂದೆ ವ್ಯಾನ್ ಓಡಿಸುತ್ತಿದ್ದೆವು. ಬಂದ ದುಡ್ಡು ದೊಡ್ಡದೇನಲ್ಲ. ಆದರೆ ಆ ಒಂದು ದಿನದಲ್ಲಿ ನಾನು ಬಡಾವಣೆಯ ಇನ್ನೂರು ಬಾಗಿಲು ನೋಡಿದ್ದೇನೆ. ಯಾರ ಮನೆಯಲ್ಲಿ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಗಂಡ ತೀರಿಕೊಂಡಿದ್ದಾರೆ, ಯಾರಿಗೆ ಕಿವಿ ಕೇಳಿಸುವುದಿಲ್ಲ, ಎಲ್ಲ ಗೊತ್ತಾಗಿದ್ದು ಖಾಲಿ ಬಾಟಲಿ ಎತ್ತಿಕೊಳ್ಳುತ್ತಾ.

ಮೂಲೆ ಮನೆಯ ಅಜ್ಜಿ ನಿನಗೆ ಹೇಗೆ ಮರೆಯುತ್ತೆ? ಪ್ರತಿ ವರ್ಷ ಬಾಟಲಿ ತೊಳೆದು, ಒರೆಸಿ, ನೀಲಿ ಚೀಲದಲ್ಲಿ ಕಟ್ಟಿ ಮೆಟ್ಟಿಲ ಮೇಲೆ ಇಡುತ್ತಿದ್ದಳು. ಒಂದು ವರ್ಷ ಚೀಲ ಇರಲಿಲ್ಲ. ನಾನಾಗಿದ್ದರೆ ಮರೆತಿರಬೇಕು ಅಂತ ಮುಂದೆ ಹೋಗುತ್ತಿದ್ದೆ. ನೀನೇ “ಇಲ್ಲ ಅಪ್ಪ, ಅವಳು ಮರೆಯಲ್ಲ” ಅಂದೆ. ಮ್ಯಾನೇಜರ್ ಹಿಂದಿನ ಬಾಗಿಲಿಗೆ ಹೋಗಿ ಕಿಟಕಿಯಲ್ಲಿ ನೋಡಿದಳು. ಅಜ್ಜಿ ಅಡುಗೆಮನೆ ನೆಲದ ಮೇಲೆ ಬಿದ್ದಿದ್ದಳು, ಸೊಂಟ ಮುರಿದಿತ್ತು, ಹಿಂದಿನ ರಾತ್ರಿಯಿಂದ. ಆಂಬುಲೆನ್ಸ್ ಬಂತು, ಉಳಿದಳು. ಆ ಚಳಿಗಾಲ ಪೂರ್ತಿ ಅವಳ ಮನೆ ಮುಂದಿನ ಹಿಮ ತೆಗೆದದ್ದು ನಿಮ್ಮ ತಂಡ, ವಾರಕ್ಕಿಬ್ಬರಂತೆ. ಮಾರ್ಚ್‌ನಲ್ಲಿ ಅವಳು ವಾಕರ್ ಹಿಡಿದು ನಿಮ್ಮ ಕೊನೆಯ ಪಂದ್ಯಕ್ಕೆ ಬಂದಳು. ನೀವು 7–1 ಸೋತಿರಿ. ಅವಳಿಗೆ ಅದು ತಿಳಿಯಲೇ ಇಲ್ಲ ಅನ್ನಿಸುತ್ತೆ, ಕೊನೆವರೆಗೂ ಚಪ್ಪಾಳೆ ಹೊಡೆಯುತ್ತಿದ್ದಳು.

ಪುಟ್ಟಿ, 2015–16ರ ವಿಷಯ ನಿನಗೆ ನಾವು ಪೂರ್ತಿ ಹೇಳಿಲ್ಲ. ಎಣ್ಣೆ ಬೆಲೆ ಕುಸಿದು ಆಲ್ಬರ್ಟಾದಲ್ಲಿ ಸಾವಿರಾರು ಜನರ ಕೆಲಸ ಹೋಯಿತಲ್ಲ, ಅದರಲ್ಲಿ ನನ್ನದೂ ಹೋಯಿತು. ಒಂಬತ್ತು ತಿಂಗಳು. ಆ ಸೆಪ್ಟೆಂಬರ್‌ನಲ್ಲಿ ನಿನ್ನನ್ನು ಕ್ಲಬ್‌ಗೆ ಸೇರಿಸುವುದು ಬೇಡ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೆವು. ನಿನಗೆ ಏನು ಹೇಳಬೇಕು ಅಂತ ಗೊತ್ತಾಗದೆ ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನೋಂದಣಿ ದಿನ ಕಳೆದ ಮೇಲೆ ಕ್ಲಬ್‌ನ ಖಜಾಂಚಿ ಫೋನ್ ಮಾಡಿದರು. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. “ನಿಮ್ಮ ಫಾರಂ ನನ್ನ ಹತ್ತಿರ ಇದೆ, ಮಗಳ ಹುಟ್ಟಿದ ದಿನಾಂಕ ಒಂದು ಹೇಳಿಬಿಡಿ” ಅಂದರು. ಫೀಸಿಗೆ ಸಹಾಯ ಮಾಡುವ ಕಿಡ್‌ಸ್ಪೋರ್ಟ್‌ಗೆ ಅರ್ಜಿ ತುಂಬಿಸಿದ್ದೂ ಅವರೇ. ಸ್ಪೋರ್ಟ್ ಸೆಂಟ್ರಲ್ ಅಂತ ಈ ಊರಿನಲ್ಲೇ ಒಂದು ಸಂಸ್ಥೆ ಇದೆ, 1991ರಿಂದ ಕೈಯಲ್ಲಿ ಕಾಸಿಲ್ಲದ ಮನೆಗಳ ಮಕ್ಕಳಿಗೆ ಆಟದ ಸಾಮಾನು ಪುಕ್ಕಟೆ ಕೊಡುತ್ತದೆ. ಶೋಲ್ಡರ್ ಪ್ಯಾಡ್, ಶಿನ್ ಗಾರ್ಡ್, ಹೆಲ್ಮೆಟ್, ಎಲ್ಲ ಅಲ್ಲಿಂದ. ಆ ವರ್ಷ ನೀನು “ಹೊಸ ಸ್ಕೇಟ್!” ಅಂತ ಮಲಗುವಾಗಲೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆಯಲ್ಲ, ಅದು ಹೊಸದಲ್ಲ. ಇನ್ಯಾವುದೋ ಮಗುವಿನ ಕಾಲಿಗೆ ಸಣ್ಣದಾಗಿ ಬಂದದ್ದು. ಖಜಾಂಚಿ ಈ ವಿಷಯ ಇವತ್ತಿನವರೆಗೆ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಅದಕ್ಕೇ ನಾನೇ ನಿನಗೆ ಹೇಳುತ್ತಿದ್ದೇನೆ.

ಅದೇ 2016ರ ಮೇ ತಿಂಗಳಲ್ಲಿ ಫೋರ್ಟ್ ಮೆಕ್‌ಮರಿಗೆ ಕಾಡ್ಗಿಚ್ಚು ಬಿತ್ತು. 80,000ಕ್ಕೂ ಹೆಚ್ಚು ಜನ ಊರು ಬಿಟ್ಟರು, ಎಷ್ಟೋ ಜನ ದಕ್ಷಿಣಕ್ಕೆ ನಮ್ಮ ಕಡೆ ಬಂದರು. ನಮ್ಮ ಕ್ಲಬ್‌ನ ಫೋನ್ ಪಟ್ಟಿ ಅಂದರೆ ಪ್ರಾಕ್ಟೀಸ್ ರದ್ದು ಅಂತ ತಿಳಿಸುವ ಪಟ್ಟಿ. ಅದೇ ಪಟ್ಟಿಯಲ್ಲಿ ಒಂದು ಸಂಜೆ ಸುದ್ದಿ ಹೋಯಿತು. ರಾತ್ರಿ ಹತ್ತಕ್ಕೆ ಹಾಲ್ ತುಂಬ ಹಾಸಿಗೆ, ಡೈಪರ್, ನಾಯಿ ಆಹಾರ. ನನಗೆ ಕೆಲಸ ಇರಲಿಲ್ಲ, ಹಾಗಾಗಿ ಹಗಲೆಲ್ಲ ಸಾಮಾನು ಹೊತ್ತೆ. ಕೆಲಸ ಕಳೆದುಕೊಂಡ ಮೇಲೆ ನಾನು ಉಪಯೋಗಕ್ಕೆ ಬರುತ್ತೇನೆ ಅಂತ ಅನ್ನಿಸಿದ ಮೊದಲ ವಾರ ಅದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಎಲ್ಲ ಚೆನ್ನಾಗಿತ್ತು ಅಂತ ಬರೆದರೆ ನೀನೇ ಒಪ್ಪುವುದಿಲ್ಲ. ಈ ಆಟ ದುಬಾರಿ. ಖಜಾಂಚಿ ಫೋನ್ ಮಾಡದೆ ಹೋದ ಮನೆಗಳೂ ಇರುತ್ತವೆ, ಆ ಮಕ್ಕಳ ಹೆಸರು ನಮಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ತಂಡದ ಹುಡುಗ ನಿನ್ನ ಬಣ್ಣದ ಮಾತೆತ್ತಿ ಬೈದ ದಿನ ನೀನು ಕಾರಿನಲ್ಲಿ ಮನೆವರೆಗೂ ಬಾಯಿ ಬಿಡಲಿಲ್ಲ. ನಿಮ್ಮ ಕೋಚ್ ಪಂದ್ಯ ನಿಲ್ಲಿಸಿ, ರೆಫ್ರಿ ಬರೆದುಕೊಳ್ಳುವ ತನಕ ತಂಡವನ್ನು ಬೆಂಚಿನಿಂದ ಏಳಿಸಲಿಲ್ಲ. ಸರಿ. ಆದರೆ ಕೇಳಿದ ಮಾತು ಕೇಳಿಸಿಕೊಂಡದ್ದೇ ಅಲ್ವಾ? ಮುಂದಿನ ಪ್ರಾಕ್ಟೀಸ್‌ಗೆ ನಿನ್ನ ತಂಡದವರೆಲ್ಲ ನಮ್ಮ ಮನೆಗೆ ಬಂದು, ನಿನ್ನ ಬ್ಯಾಗ್ ತಾವೇ ಎತ್ತಿಕೊಂಡು, ನಿನ್ನನ್ನು ನಡುವೆ ಹಾಕಿಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವತ್ತು ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಈಗಲೂ ಇದೆ, ಅದು ಇರಲಿ.

ಹದಿನೈದಕ್ಕೆ ನೀನು ರೆಫ್ರಿ ಆದೆ, ಸಣ್ಣ ಮಕ್ಕಳ ಪಂದ್ಯಕ್ಕೆ. ಮೊದಲ ಶನಿವಾರವೇ ಯಾರದೋ ಅಪ್ಪ ಗ್ಯಾಲರಿಯಿಂದ ನಿನ್ನ ಮೇಲೆ ಕಿರುಚಾಡಿದ. ನಾನು ಎದ್ದೆ. ಗೀದೋ ನನ್ನ ತೋಳು ಹಿಡಿದು ಕೂರಿಸಿ, ತಾವೇ ಹೋಗಿ ಅವನ ಪಕ್ಕ ಕೂತರು. ಏನು ಹೇಳಿದರೋ ಗೊತ್ತಿಲ್ಲ. ಆಮೇಲೆ ಅವನು ಪಂದ್ಯ ಮುಗಿಯುವ ತನಕ ಕಾಫಿ ಲೋಟ ನೋಡುತ್ತಾ ಕೂತಿದ್ದ. ನೀನು ಇಬ್ಬರನ್ನೂ ನೋಡಲಿಲ್ಲ, ಸೀಟಿ ಊದುತ್ತಲೇ ಇದ್ದೆ.

ಕಸಿನೋ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಒಗ್ಗಿಲ್ಲ. ಇಲ್ಲಿಯ ಸಂಘ ಸಂಸ್ಥೆಗಳಿಗೆಲ್ಲ ಸರದಿ ಬಂದಾಗ ಎರಡು ದಿನ ಕಸಿನೋದಲ್ಲಿ ಕೆಲಸ ಮಾಡಿದರೆ ಆ ದುಡ್ಡಿನಲ್ಲಿ ಪಾಲು ಸಿಗುತ್ತದೆ. ನಾನೂ ಕೌಂಟ್ ರೂಮಿನಲ್ಲಿ ರಾತ್ರಿ ಮೂರರವರೆಗೆ ನೋಟು ಎಣಿಸಿದ್ದೇನೆ. ಯಾರೋ ಜೂಜಿನಲ್ಲಿ ಕಳೆದದ್ದು ನಮ್ಮ ಮಕ್ಕಳ ಐಸ್ ಆಗುತ್ತದೆ. ಬೇರೆ ದಾರಿ ಕಾಣದೆ ಹೋಗುತ್ತೇನೆ. ಇದಕ್ಕಿಂತ ಬಾಟಲಿ ಎತ್ತುವುದು ನನಗೆ ಇಷ್ಟ.

2018ರ ಏಪ್ರಿಲ್ 6. ನಿನಗೆ ಹನ್ನೆರಡು. ಸಸ್ಕ್ಯಾಚುವಾನ್‌ನ ಹಂಬೋಲ್ಟ್ ಬ್ರಾಂಕೋಸ್ ತಂಡದ ಬಸ್ ಪಂದ್ಯಕ್ಕೆ ಹೋಗುವಾಗ ಟ್ರಕ್‌ಗೆ ಡಿಕ್ಕಿಯಾಗಿ 16 ಜನ ತೀರಿಕೊಂಡರು, 13 ಜನಕ್ಕೆ ಗಾಯ. ಕೆಲವು ದಿನದ ಮೇಲೆ ನೀನು ಏನೂ ಹೇಳದೆ ನಿನ್ನ ಸ್ಟಿಕ್ ತೆಗೆದುಕೊಂಡು ಹೋಗಿ ಮನೆ ಬಾಗಿಲ ಹೊರಗೆ ಒರಗಿಸಿ, ಜಗುಲಿಯ ದೀಪ ಹಾಕಿದೆ. ನಾನು ಹೊರಗೆ ಬಂದು ನೋಡಿದರೆ ಬೀದಿ ಉದ್ದಕ್ಕೂ ಹಾಗೇ. ಒಂದೊಂದು ಬಾಗಿಲಿಗೆ ಒಂದೊಂದು ಸ್ಟಿಕ್. ಮಕ್ಕಳಿಲ್ಲದ ಮನೆಯವರೂ ಎಲ್ಲಿಂದಲೋ ಹಳೆಯದೊಂದನ್ನು ಹುಡುಕಿ ಇಟ್ಟಿದ್ದರು. ಮೂಲೆ ಮನೆಯ ಅಜ್ಜಿ ಸ್ಟಿಕ್ ಇಲ್ಲದೆ ತನ್ನ ಊರುಗೋಲು ಇಟ್ಟಿದ್ದಳು.

ಆ ಬಸ್ಸಿನಲ್ಲಿದ್ದ ಲೋಗನ್ ಬೌಲೆ ನೀನು ಈಗಿರುವ ಲೆತ್‌ಬ್ರಿಜ್‌ನವನು. 21 ವರ್ಷ. ಅವನಿಗೆ ತರಬೇತಿ ಕೊಟ್ಟಿದ್ದ ರಿಕ್ ಸಗಿಟ್ 2017ರಲ್ಲಿ ತೀರಿಕೊಂಡಾಗ ಅಂಗದಾನದಿಂದ ಆರು ಜನ ಬದುಕಿದ್ದರು. ಅದನ್ನು ನೋಡಿ ಲೋಗನ್ ತಾನೂ ಹೆಸರು ಬರೆಸಿದ್ದ. ಅವನಿಂದಲೂ ಆರು ಜನ ಬದುಕಿದರು. ಅದು ಸುದ್ದಿಯಾದ ಮೇಲೆ ಕೆಲವೇ ವಾರಗಳಲ್ಲಿ ಕೆನಡಾದಲ್ಲಿ ಸುಮಾರು 1,50,000 ಜನ ಅಂಗದಾನಕ್ಕೆ ಹೆಸರು ಕೊಟ್ಟರು. ನಾನೂ ಅಮ್ಮನೂ ಅದರಲ್ಲಿ ಇಬ್ಬರು. ಏಪ್ರಿಲ್ 7ಕ್ಕೆ ನಿಮ್ಮ ಕ್ಯಾಂಪಸ್‌ನಲ್ಲಿ ಹಸಿರು ಅಂಗಿ ಕಂಡರೆ ಅದು ಅವನಿಗಾಗಿ. ಒಬ್ಬ ಕೋಚ್‌ನಿಂದ ಒಬ್ಬ ಹುಡುಗನಿಗೆ, ಆ ಹುಡುಗನಿಂದ ವಿರಾಜಪೇಟೆಯಲ್ಲಿ ಹುಟ್ಟಿದ ನನ್ನವರೆಗೆ ಅದು ಬಂತು. ಕ್ಲಬ್‌ನಲ್ಲಿ ಮಕ್ಕಳು ಏನು ಕಲಿಯುತ್ತಾರೆ ಅಂತ ಯಾರಾದರೂ ಕೇಳಿದರೆ ನಾನು ಸ್ಲಾಪ್‌ಶಾಟ್ ಬಗ್ಗೆ ಹೇಳುವುದಿಲ್ಲ, ಇದನ್ನು ಹೇಳುತ್ತೇನೆ.

ಕೊರೋನಾ ಚಳಿಗಾಲದಲ್ಲಿ ಹಾಕಿ ಪಂದ್ಯಗಳೆಲ್ಲ ನಿಂತುಹೋದವು. ಒಳಾಂಗಣದ ಅರೀನಾಗಳೆಲ್ಲ ಬಾಗಿಲು ಹಾಕಿದವು. ಹಾಲ್ ಹಿಂದಿನ ರಿಂಕ್ ಒಂದೇ ಉಳಿದದ್ದು. ಆ ವರ್ಷವೇ ಗೀದೋ ಮೊಣಕಾಲು ಕೈಕೊಟ್ಟಿತು, ಹೋಸ್ ನನ್ನ ಕೈಗೆ ಬಂತು. ಮಂಜುಗಡ್ಡೆ ಕಟ್ಟುವುದು ಅಂದರೆ ಸುಮ್ಮನೆ ನೀರು ಸುರಿಯುವುದು ಅಂದುಕೊಂಡಿದ್ದೆ. ಮೊದಲು ಹಿಮ ತುಳಿದು ಗಟ್ಟಿ ಮಾಡಬೇಕು. ಮೈನಸ್ 10ಕ್ಕಿಂತ ಕೆಳಗೆ ನಾಲ್ಕೈದು ರಾತ್ರಿ ಒಟ್ಟಿಗೆ ಸಿಗಬೇಕು. ಮಂಜಿನ ಹಾಗೆ ತೆಳ್ಳಗೆ ಸಿಂಪಡಿಸಿ, ಅದು ಕಟ್ಟಿದ ಮೇಲೆ ಇನ್ನೊಂದು ಪದರ, ಆಮೇಲೆ ಮತ್ತೊಂದು. ಆತುರಪಟ್ಟು ಜಾಸ್ತಿ ಬಿಟ್ಟರೆ ಮೇಲೆ ಪೊರೆ ಕಟ್ಟಿ ಕೆಳಗೆ ಟೊಳ್ಳಾಗುತ್ತದೆ, ಮಗುವಿನ ಸ್ಕೇಟ್ ಅದರಲ್ಲಿ ಸಿಕ್ಕಿ ಕಾಲು ತಿರುಚುತ್ತದೆ. ಗದ್ದೆಗೆ ನೀರು ಕಟ್ಟಿದ ಹಾಗೆಯೇ, ಮೂಲೆಯಿಂದ ಶುರು ಮಾಡಿ ಹಿಂದೆ ಹಿಂದೆ ಬರಬೇಕು. ಮುಗಿದ ಮೇಲೆ ಹೋಸನ್ನು ಹೆಗಲ ಮೇಲೆ ಹಾಕಿ ಒಂದು ಹನಿ ಉಳಿಯದಂತೆ ಬಸಿದು ಬೆಚ್ಚಗಿನ ಶೆಡ್ ಒಳಗೆ ಸುತ್ತಿಡಬೇಕು. ಮರೆತರೆ ಬೆಳಿಗ್ಗೆ ಅದು ಕಬ್ಬಿಣದ ಕೋಲು. ಒಮ್ಮೆ ಮರೆತಿದ್ದೇನೆ. ನಿಮ್ಮ ಲೆತ್‌ಬ್ರಿಜ್‌ನಲ್ಲಿ ಈ ಕೆಲಸ ಇನ್ನೂ ಕಷ್ಟ ಇರಬೇಕು, ಚಿನೂಕ್ ಅನ್ನುವ ಬೆಚ್ಚಗಿನ ಗಾಳಿ ಒಂದು ಮಧ್ಯಾಹ್ನ ಬೀಸಿದರೆ ವಾರದ ದುಡಿಮೆ ಕೊಚ್ಚೆ.

ಗೀದೋ ಈಗ ವೃದ್ಧಾಶ್ರಮದಲ್ಲಿದ್ದಾರೆ. ಚಳಿ ಇರುವ ದಿನ ಸಂಜೆ ಏಳಕ್ಕೆ ತಪ್ಪದೆ ಫೋನ್ ಬರುತ್ತದೆ. ನಮಸ್ಕಾರ ಇಲ್ಲ, ಹೇಗಿದ್ದೀಯ ಇಲ್ಲ. “ಎಷ್ಟು ಡಿಗ್ರಿ?” ನಾನು ಹೇಳುತ್ತೇನೆ. “ಉತ್ತರದ ಮೂಲೆ ನೋಡು, ಅಲ್ಲಿ ಇಳಿಜಾರು” ಅನ್ನುತ್ತಾರೆ. ಹದಿಮೂರು ವರ್ಷದಿಂದ ಆ ಮೂಲೆ ನನಗೆ ಗೊತ್ತು. ಆದರೂ “ನೋಡ್ತೀನಿ” ಅನ್ನುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ ಪುಟ್ಟಿ. ನಾನು ಹೋಗುವುದು ನಿನ್ನ ಆಟಕ್ಕಾಗಿ ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ನೀನು ಹೋದ ಮೇಲೂ ಆ ಹಾಲ್‌ನ ಬೀಗದ ಕೈ ನನ್ನ ಕೀ ಗೊಂಚಲಿನಲ್ಲೇ ಉಳಿಯಿತು, ಯಾರೂ ವಾಪಸ್ ಕೇಳಲಿಲ್ಲ, ನನಗೂ ಕೊಡಬೇಕು ಅನ್ನಿಸಲಿಲ್ಲ. ಈ ಊರಲ್ಲಿ ನನ್ನದು ಅಂತ ಅನ್ನಿಸಿದ ಮೊದಲ ಜಾಗ ಅದು. ಮನೆ ಸಾಲದಲ್ಲಿದೆ, ಕೆಲಸ ಹೋಗುತ್ತೆ ಬರುತ್ತೆ. ಆ ರಿಂಕ್ ನಿಮ್ಮದು ಅಂತ ಗೀದೋ ಅವತ್ತು ಹೇಳಿದ್ದನ್ನು ನಾನು ನಂಬಿದ್ದೇನೆ.

ಈಗ ಸ್ಕೇಟ್ ವಿಷಯ. ಡಿಸೆಂಬರ್ ಕೊನೆಯಿಂದ ಒಬ್ಬಳು ಹುಡುಗಿ ಬರುತ್ತಿದ್ದಾಳೆ. ಒಂಬತ್ತು ವರ್ಷ ಇರಬಹುದು. ಎರಿಟ್ರಿಯಾದಿಂದ ಬಂದವರು, ಬಸ್ ಸ್ಟಾಪ್ ಹತ್ತಿರದ ಅಪಾರ್ಟ್‌ಮೆಂಟ್. ಅವಳಪ್ಪ ದೂರದಲ್ಲಿ ಜೇಬಿನಲ್ಲಿ ಕೈ ಹಾಕಿಕೊಂಡು ನಿಲ್ಲುತ್ತಾನೆ. ಈ ಚಳಿಗೆ ಸಾಲದ ಜಾಕೆಟ್. ಅವಳು ಹಲಗೆಯ ಮೇಲೆ ಗದ್ದ ಇಟ್ಟುಕೊಂಡು ಮಾತಿಲ್ಲದೆ ನೋಡುತ್ತಾಳೆ. ನಿನ್ನೆ ಡಬ್ಬದಲ್ಲಿ ಹುಡುಕಿದೆ, ಅವಳ ಅಳತೆಯದು ಇಲ್ಲ. ಕಾಲು ನೋಡಿದೆ. ನೀನು ಒಂಬತ್ತರಲ್ಲಿ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆಯಲ್ಲ, ಆ ಸ್ಕೇಟ್ ಸರಿಯಾಗುತ್ತದೆ ಅನ್ನಿಸುತ್ತೆ.

ಅದನ್ನು ಯಾರಿಗೂ ಕೊಡಬೇಡ ಅಂತ ನೀನು ಮನೆ ಬಿಡುವಾಗ ಹೇಳಿದ್ದೆ. ಅದಕ್ಕೇ ಕೇಳುತ್ತಿದ್ದೇನೆ. ಬ್ಲೇಡಿಗೆ ಸ್ವಲ್ಪ ತುಕ್ಕು ಹಿಡಿದಿದೆ, ಅಂಗಡಿಯಲ್ಲಿ ಸಾಣೆ ಹಿಡಿಸಿದರೆ ಹೋಗುತ್ತೆ. ಲೇಸ್ ಹೊಸದು ತಂದಿದ್ದೇನೆ. ಬೇಡ ಅಂದರೆ ಬೇಡ, ನಾನು ಬೇರೆ ಕಡೆ ಹುಡುಕುತ್ತೇನೆ, ಬೇಜಾರೇನಿಲ್ಲ. ಶನಿವಾರದೊಳಗೆ ಒಂದು ಮೆಸೇಜ್ ಹಾಕು. ಅವರು ಹನ್ನೊಂದಕ್ಕೆ ಬರುತ್ತಾರೆ.

ಅಮ್ಮ ಫೆಬ್ರವರಿ ರಜೆಗೆ ಕೋಡುಬಳೆ ಮಾಡಿ ಇಡುತ್ತಾಳಂತೆ. ಬಸ್ಸಿನಲ್ಲಿ ಬರುವಾಗ ಟೋಪಿ ಹಾಕಿಕೋ.

ನಿನ್ನ
ಅಪ್ಪ